ಗುರುವಾರದ ರಬ್ಬರ್ ವಾಸನೆ

ಪರಿಶೀಲನೆ ಸಾಹೇಬರಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ. ಊರಿನ ನಲ್ಲಿ ನೀರು ಇಟ್ಟದ್ದು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರು ಕುರ್ಚಿ ಹಿಡಿದ ದಿನದಿಂದ, "ನಲ್ಲೀಲಿ ಕೊಳೆತ ವಾಸನೆ ಬರ್ತಿದೆ ಸಾರ್" ಎಂದು ಯಾರು ಬಂದು ಗೋಳಾಡಿದರೂ ಅವರ ಬಾಯಿಂದ ಹೊರಡುತ್ತಿದ್ದುದು ಒಂದೇ ವಾಕ್ಯ: "ಸ್ಥಳ ಪರಿಶೀಲನೆ ಮಾಡಲಾಗಿದೆ, ವಾಸನೆ ಕಂಡುಬಂದಿಲ್ಲ." ಪರಿಶೀಲನೆ ಮಾಡಿದವರು ಯಾರು, ಯಾವಾಗ ಮಾಡಿದರು ಎಂದು ಮರುಪ್ರಶ್ನೆ ಹಾಕುವಷ್ಟು ಉಸಿರು ಬಂದವರಲ್ಲಿ ಉಳಿದಿರುತ್ತಿರಲಿಲ್ಲ. ಮೊದಲು ಕಚೇರಿಯವರು, ಆಮೇಲೆ ಬೀದಿಯವರು, ಕೊನೆಗೆ ಸ್ವಂತ ಹೆಂಡತಿಯೂ ಅವರನ್ನು ಅದೇ ಹೆಸರಿನಿಂದ ಕರೆಯತೊಡಗಿದರು.

ಇಂಥ ಸಾಹೇಬರ ಮೂಗಿಗೇ ಒಂದು ಗುರುವಾರ ವಾಸನೆ ಬಡಿಯಿತು. ಸುಟ್ಟ ರಬ್ಬರಿನ ವಾಸನೆ, ಅದೂ ಅವರ ಸ್ವಂತ ಕಾರಿನಲ್ಲಿ.

ಆ ಕಾರಿನ ವಿಚಾರ ಮೊದಲು ಹೇಳಿಬಿಡಬೇಕು. ಸಾಹೇಬರ ಕೆಲಸವನ್ನು ಆರಿಸಿದ್ದು ಅವರ ಅಪ್ಪ. ಮನೆಯನ್ನು ಆರಿಸಿದ್ದು ಹೆಂಡತಿ. ಮುಖದ ಮೇಲಿನ ಕನ್ನಡಕವನ್ನು ಕೂಡ ಅಂಗಡಿಯವನೇ ಆರಿಸಿ, ಇವರು ಬೇಡ ಅನ್ನುವುದರೊಳಗೆ ಕಿವಿಗೆ ಸಿಕ್ಕಿಸಿಬಿಟ್ಟಿದ್ದ. ಜೀವಮಾನದಲ್ಲಿ ಅವರು ತಾವಾಗಿಯೇ ಕಂಡು, ಮೆಚ್ಚಿ, ಯಾರನ್ನೂ ಕೇಳದೆ ತಂದ ವಸ್ತುವೆಂದರೆ ಇದೊಂದೇ. ಒಂದು ಕಾಲದಲ್ಲಿ ನೀಲಿ ಬಣ್ಣದ್ದಾಗಿತ್ತು ಎಂದು ಮಾರಿದವನು ಹೇಳಿದ್ದ. ಹ್ಯಾಂಡ್‌ಬ್ರೇಕಿನ ತಂತಿ ಹಳೆಯದು, ಅದನ್ನು ನೆಚ್ಚಿಕೊಳ್ಳಬೇಡಿ ಎಂದೂ ಹೇಳಿದ್ದ. ಹಾಗಾಗಿ ಸಾಹೇಬರು ಆ ಸನ್ನೆಕೋಲನ್ನು ಒಮ್ಮೆಯೂ ಮುಟ್ಟಿದವರಲ್ಲ. ಕಾರು ನಿಲ್ಲಿಸಿದ ಕಡೆಯೆಲ್ಲ ಡಿಕ್ಕಿಯಿಂದ ಒಂದು ಇಟ್ಟಿಗೆ ತೆಗೆದು ಹಿಂದಿನ ಚಕ್ರಕ್ಕೆ ಒತ್ತಿಡುತ್ತಿದ್ದರು.

ಕಾರು ಮನೆಗೆ ಬಂದ ದಿನ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದಳು. ನೋಡಿದಳು. ಒಂದೂ ಮಾತಾಡದೆ ಒಳಗೆ ಹೋಗಿ ಯಂತ್ರವನ್ನು ಮೊದಲಿಗಿಂತ ಜೋರಾಗಿ ತುಳಿಯತೊಡಗಿದಳು. ಮಾತಾಡುವ ಕೆಲಸವನ್ನು ಅವಳ ತಮ್ಮ ವಹಿಸಿಕೊಂಡ. ಬಾಮೈದನಿಗೆ ಟೈಲ್ಸ್ ಅಂಗಡಿಯಿತ್ತು, ಹೊಚ್ಚಹೊಸ ಕಾರಿತ್ತು, ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ ಆಮೇಲೆ ಮುಖ ನೋಡುವ ಅಭ್ಯಾಸವಿತ್ತು.

"ಭಾವ, ಇದು ಕಾರಲ್ಲ. ಚಕ್ರ ಇರೋ ಕಬ್ಬಿಣದ ಬೀರು."

"ಓಡುತ್ತೆ," ಎಂದರು ಸಾಹೇಬರು.

"ತಳ್ಳಿದ್ರೆ ಬೀರೂ ಓಡುತ್ತೆ."

ಸಾಹೇಬರಿಗೆ ಪಿತ್ತ ನೆತ್ತಿಗೇರಿತು. ಇಡೀ ಬೀದಿ ಕೇಳುವಂತೆ ಕಾರಿನ ತಲೆ ಮೇಲೆ ಕೈ ಬಡಿದು ಶಪಥ ಮಾಡಿದರು: "ಇದು ಯಾವತ್ತು ಹೊಗೆ ಬಿಡುತ್ತೋ ಅವತ್ತು ನಾನೇ, ನನ್ನ ಕೈಯಾರೆ, ಗುಜರಿಗೆ ತಳ್ಕೊಂಡು ಹೋಗ್ತೀನಿ. ನೀವೆಲ್ಲ ನಿಂತು ನೋಡಿ!" ಬಡಿದ ಏಟಿಗೆ ಬಾಗಿಲಿನ ರಬ್ಬರ್ ಪಟ್ಟಿಯೊಂದು ಕಳಚಿ ಬಿತ್ತು. ಅದನ್ನು ಅವರು ಕಾಲಿನಿಂದ ಮೆಲ್ಲಗೆ ಕಾರಿನ ಕೆಳಗೆ ತಳ್ಳಿದರು.

ಕಾರಿನ ಪರವಾಗಿದ್ದವರು ಒಬ್ಬರೇ, ಅತ್ತೆಯವರು. ಅತ್ತೆಯವರು ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಗುಂಡಿ ಒತ್ತುವ ಲಿಫ್ಟಲ್ಲ, ಹಿತ್ತಾಳೆಯ ಹಿಡಿಕೆ ತಿರುಗಿಸುವ ಹಳೆಯ ಕಾಲದ ಲಿಫ್ಟು. ಆಯಸ್ಸಿನ ಅರ್ಧ ಅವರು ಆ ಹಿಡಿಕೆ ಹಿಡಿದೇ ಕಳೆದಿದ್ದರು. ಮಗನ ಮನೆಗೆ ಮೆಟ್ಟಿಲಿದೆ ಎಂಬ ಕಾರಣಕ್ಕೆ ಮಗಳ ಮನೆಯಲ್ಲಿ ಇದ್ದರು. ಈಗಲೂ ಯಾರಾದರೂ ಕೋಣೆಯ ಬಾಗಿಲು ಹಾಕಿದರೆ "ಬೆರಳು ಜೋಪಾನ" ಎಂದು ತಾವಿದ್ದಲ್ಲಿಂದಲೇ ಕೂಗುತ್ತಿದ್ದರು. ಅವರ ಕಣ್ಣಿನೊಳಗೆ ಒತ್ತಡ ಏರಿದೆಯೆಂದು ಪ್ರತಿ ಗುರುವಾರ ಕಣ್ಣಾಸ್ಪತ್ರೆಗೆ ತೋರಿಸಬೇಕಾಗಿತ್ತು. ಮಗ ತನ್ನ ಹೊಸ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಎಷ್ಟೇ ಗೋಗರೆದರೂ ಅವರು ಒಪ್ಪಲಿಲ್ಲ. "ಅಳಿಯಂದಿರ ಕಾರೇ ಸಾಕು," ಎಂದರು. ಸಾಹೇಬರ ಎದೆ ಅಂದು ಎರಡು ಅಂಗುಲ ಉಬ್ಬಿತು. ಮಂಡಿ ನೋವೆಂದು ಅತ್ತೆಯವರು ಮುಂದಿನ ಸೀಟಿನಲ್ಲೇ ಕೂರುತ್ತಿದ್ದರು. ಮಡಿಲಲ್ಲಿ ಕೈಚೀಲ, ಚೀಲದ ಮೇಲೆ ಅಗಲವಾದ ಶಾಲು.

ಮೊದಲ ಗುರುವಾರ ಕಾರು ಹೊರಟು ಮೂರನೆಯ ತಿರುವು ದಾಟುವಷ್ಟರಲ್ಲಿ ಎದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹೊತ್ತಿತು. ಸಾಹೇಬರು ಅದನ್ನು ಬೆರಳಿನಿಂದ ತಟ್ಟಿದರು. ಆರಿತು. ಮತ್ತೆ ವೇಗ ಹಿಡಿದಾಗ ಮತ್ತೆ ಹೊತ್ತಿತು. ಚಾಲಕನ ಮೇಲೆ ನಂಬಿಕೆ ಇಲ್ಲದ ದೀಪವನ್ನು ಇಟ್ಟುಕೊಂಡು ಯಾರು ತಾನೇ ಕಾರು ನಡೆಸಲು ಸಾಧ್ಯ? ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ಅವರು ಚೂರು ಕಪ್ಪು ಟೇಪು ಹುಡುಕಿ ಆ ದೀಪದ ಮೇಲೆ ಅಂಟಿಸಿಬಿಟ್ಟರು. ಅಲ್ಲಿಗೆ ದೀಪದ ಸಮಸ್ಯೆ ಬಗೆಹರಿಯಿತು.

ಮನೆಗೆ ಮರಳುವಾಗ ಮೇಲ್ಸೇತುವೆ ಇಳಿಯುತ್ತಿದ್ದಂತೆ ವಾಸನೆ ಬಂತು. ಹಳೆಯ ಚಪ್ಪಲಿಯನ್ನು ಯಾರೋ ಒಲೆಗೆ ಹಾಕಿದಂಥ ವಾಸನೆ.

"ಅತ್ತೆ, ನಿಮಗೇನಾದ್ರೂ ವಾಸನೆ ಬರ್ತಿದೆಯಾ?"

ಅತ್ತೆಯವರು ನೇರ ಮುಂದೆ ನೋಡುತ್ತ, "ಇಲ್ವಲ್ಲ," ಎಂದರು.

"ರಬ್ಬರ್ ಸುಟ್ಟ ವಾಸನೆ?"

"ನನಗೇನೂ ಬರ್ತಿಲ್ಲಪ್ಪ. ಸ್ವಲ್ಪ ನಿಧಾನ ಹೋಗಿ, ವಾಸನೆ ಹಿಂದೆ ಉಳಿದುಬಿಡುತ್ತೆ."

ಶುಕ್ರವಾರ ಕಚೇರಿಗೆ ಹೋಗುವಾಗ ವಾಸನೆಯಿಲ್ಲ. ಶನಿವಾರ ಇಲ್ಲ. ಭಾನುವಾರ ಬೇಕೆಂದೇ ಬೀದಿ ಬೀದಿ ಸುತ್ತಿದರು, ಕಾರು ಹೂವಿನಂತೆ ಓಡಿತು. ಗುರುವಾರ ಬಂತು, ಅತ್ತೆಯವರು ಕೂತರು, ವಾಸನೆಯೂ ಬಂತು.

ಮೆಕ್ಯಾನಿಕ್ ತನ್ನ ವಿದ್ಯೆಯಲ್ಲಿ ಎಂದೂ ಸಂಶಯ ಪಟ್ಟವನಲ್ಲ. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

"ವಾಸನೆ ಅಂದೆ. ಸದ್ದು ಅಂದಿಲ್ಲ," ಎಂದರು ಸಾಹೇಬರು.

"ಎಲ್ಲ ಒಂದೇ ಸಾರ್. ಬೆಲ್ಟು."

ಬೆಲ್ಟು ಬದಲಾಯಿತು. ಮುಂದಿನ ಗುರುವಾರ ವಾಸನೆ ಬಂತು. "ಹಾಗಾದ್ರೆ ಹೋಸ್ ಪೈಪು," ಎಂದ. ಪೈಪು ಬದಲಾಯಿತು, ವಾಸನೆ ಬಂತು. ಮೂರನೆಯ ಸಲ ಕಾರಿನಡಿ ನುಸುಳಿ, ಸೈಲೆನ್ಸರಿಗೆ ಅಂಟಿ ಕರಗಿದ್ದ ಪ್ಲಾಸ್ಟಿಕ್ ಚೀಲದ ಚೂರೊಂದನ್ನು ಕಿತ್ತು ತಂದು, ಗೆದ್ದವನ ಹಾಗೆ ಎತ್ತಿ ತೋರಿಸಿದ. ಅದಾದ ಮೇಲೂ ಗುರುವಾರ ತನ್ನ ಕೆಲಸ ಬಿಡಲಿಲ್ಲ. ಕೊನೆಗೆ ಅವನೇ ಕಾರು ತೆಗೆದುಕೊಂಡು ಒಂದು ಸುತ್ತು ಹೊಡೆದು ಬಂದು, ಇಳಿದು, ಕೈ ಒರೆಸಿಕೊಂಡ.

"ಹಿಂದಿನ ಬ್ರೇಕು ಸ್ವಲ್ಪ ಸವೆದಿದೆ, ಅದು ವಯಸ್ಸು. ಕೆಂಪು ದೀಪಕ್ಕೆ ಟೇಪ್ ಹಾಕಿದ್ದು ಒಳ್ಳೇದಾಯ್ತು, ಹಳೇ ಕಾರಿನ ದೀಪ ನಂಬೋಕಾಗಲ್ಲ. ಮತ್ತೆ ವಾಸನೆ ಅಂದ್ರಲ್ಲ, ಎಲ್ಲ ನೋಡಿದೆ ಸಾರ್. ಕಂಡುಬರ್ಲಿಲ್ಲ."

ಸಾಹೇಬರು ಬೆಚ್ಚಿದರು. ಈ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅವರಿಗೆ ಅದೇ ಮೊದಲು. ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಸುದ್ದಿ ಬೀದಿಗೆ ಹಬ್ಬಿತು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ವಿಮಾ ಏಜೆಂಟರಿದ್ದರು. ಯಾವ ಮಾತನ್ನೂ "ನನ್ನ ಅನುಭವದಲ್ಲಿ" ಎಂದು ಶುರುಮಾಡದೆ ಅವರಿಗೆ ಉಸಿರಾಡಲು ಬರುತ್ತಿರಲಿಲ್ಲ. ಬೀದಿಯವರು ಅವರನ್ನು ಅನುಭವಿಗಳು ಅನ್ನುತ್ತಿದ್ದರು. ಅವರು ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ನನ್ನ ಅನುಭವದಲ್ಲಿ ಇದು ಇಲಿ."

"ಇಲಿ ಸುಟ್ಟರೆ ರಬ್ಬರ್ ವಾಸನೆ ಬರುತ್ತಾ?"

"ಇಲಿ ರಬ್ಬರ್ ತಿಂದಿದ್ರೆ?"

"ಗುರುವಾರ ಮಾತ್ರ ತಿನ್ನುತ್ತಾ?"

ಅನುಭವಿಗಳು ಬ್ರಷ್ಷನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ, ಇಂಥ ಪ್ರಶ್ನೆ ಕೇಳುವವರಿಗೆ ಉಪಕಾರ ಮಾಡಲು ಹೋಗಬಾರದು ಎಂಬ ಮುಖ ಮಾಡಿಕೊಂಡು ಹೊರಟುಹೋದರು. ಆದರೆ ಹೋಗುವ ದಾರಿಯಲ್ಲಿ ಮನೆಮನೆಗೂ ಹೊಸ ಸುದ್ದಿ ಮುಟ್ಟಿಸಿದರು: ಕಾರಿನಲ್ಲಿ ಏನೂ ಇಲ್ಲವಂತೆ, ಜೊತೆಗಿದ್ದ ಅತ್ತೆಗೂ ವಾಸನೆ ಇಲ್ಲವಂತೆ, ಪಾಪ ಸಾಹೇಬರಿಗೆ ಮಾತ್ರ ಬರುತ್ತದಂತೆ. "ಪಾಪ" ಎಂಬ ಆ ಒಂದು ಪದ ಸಾಹೇಬರ ಬೆನ್ನು ಹತ್ತಿತು. ಹಾಲಿನವನು ಅವರ ಮನೆಯ ಹಾಲನ್ನು ಅವರ ಕೈಗೆ ಕೊಡದೆ ಹೆಂಡತಿಯ ಕೈಗೆ ಕೊಡತೊಡಗಿದ. ಕಚೇರಿಯಲ್ಲಿ ನಲ್ಲಿ ವಾಸನೆಯ ದೂರು ತಂದ ಮುದುಕಿಯೊಬ್ಬಳು ಅವರ ಮುಖವನ್ನೇ ನೋಡಿ, "ನಿಮಗೂ ಬರುತ್ತಂತಲ್ಲ ಸಾರ್? ಬಿಡಿ, ನಿಮ್ಮ ಕಷ್ಟ ನಿಮಗೆ," ಎಂದು ಸಮಾಧಾನ ಹೇಳಿ ಎದ್ದುಹೋದಳು.

ಹೆಂಡತಿ ಅವರನ್ನು ಮೂಗಿನ ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿ, ಮೂಗಿನ ಕೆಳಗೆ ಒಂದೊಂದೇ ಸೀಸೆ ಹಿಡಿದರು.

"ಕಾಫಿ ಪುಡಿ," ಎಂದರು ಸಾಹೇಬರು. "ಸಾಬೂನು. ನಿಂಬೆ. ಬೂಟ್ ಪಾಲಿಶ್. ಇದು ಖಾಲಿ ಸೀಸೆ. ಹಿಂದೆ ಇದರಲ್ಲಿ ಲವಂಗ ಇತ್ತು. ನಿಮ್ಮ ನರ್ಸ್ ಈಗಷ್ಟೇ ಕಿತ್ತಳೆ ಸುಲಿದಿದ್ದಾರೆ. ಆಚೆ ಕೋಣೇಲಿ ಯಾರೋ ಸಾಕ್ಸ್ ಬಿಚ್ಚಿದ್ರು."

ಆಚೆ ಕೋಣೆಯಲ್ಲಿ ಗಡಿಬಿಡಿಯ ಸದ್ದಾಯಿತು. ಡಾಕ್ಟರಮ್ಮ ಬಟ್ಟೆ ಬಿಚ್ಚಿಸಿ, ಸಾಹೇಬರನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಮೂಗು ಬಹಳ ಚೆನ್ನಾಗಿದೆ. ಅದೇ ನನಗೆ ಚಿಂತೆ. ತೊಂದರೆ ಮೂಗಿಗಿಂತ ಸ್ವಲ್ಪ ಮೇಲಿದೆ ಅನಿಸುತ್ತೆ."

ಭಾನುವಾರ ಮನೆಯಲ್ಲಿ ಪಂಚಾಯ್ತಿ ಸೇರಿತು. ಬಾಮೈದ ಬಂದು, ನೆಲ ನೋಡಿ, ಸೋಫಾದ ಮೇಲೆ ಕೂತು, ವಿಷಯವನ್ನು ಟೈಲ್ಸ್ ಜೋಡಿಸಿದ ಹಾಗೆ ಜೋಡಿಸಿ ಇಟ್ಟ.

"ಭಾವ, ಎರಡರಲ್ಲಿ ಒಂದು. ವಾಸನೆ ನಿಜ ಅನ್ನಿ, ಕಾರು ಕೆಟ್ಟಿದೆ, ಗುಜರಿಗೆ ಹಾಕಿ. ಕಾರು ಸರಿಯಿದೆ ಅನ್ನಿ, ಹಾಗಾದ್ರೆ ವಾಸನೆ ಸುಳ್ಳು, ಇಲ್ಲದ ವಾಸನೆ ಬರೋರ ಕೈಗೆ ನಮ್ಮಮ್ಮನ್ನ ಕೊಡೋಕಾಗಲ್ಲ. ಕೀಲಿ ಕೊಟ್ಟುಬಿಡಿ. ಹೇಗೆ ನೋಡಿದ್ರೂ ಕಾರು ಹೋಗುತ್ತೆ. ಯಾವುದು ಅಂತ ನೀವೇ ಆರಿಸಿ."

ಆರಿಸಿ ಎಂದು ಅವರಿಗೆ ಹೇಳಿದವರೇ ಕಡಿಮೆ. ಹೇಳಿದ ಒಂದು ದಿನವೂ ಹೀಗೆ! ಕಾರು ಹೋದರೆ ಹೋಗಲಿ ಎಂದು ಬಿಟ್ಟುಬಿಡಬಹುದಿತ್ತು. ವಾಸನೆ ಬರಲೇ ಇಲ್ಲ, ನನ್ನ ಭ್ರಮೆ ಎಂದು ನಕ್ಕು, ಬಸ್ಸು ಹತ್ತಬಹುದಿತ್ತು. ಬೀದಿಯವರೆಲ್ಲ ಬಯಸಿದ್ದು ಅದನ್ನೇ. ಆದರೆ ಸಾಹೇಬರು ಎದ್ದು ನಿಂತರು.

"ವಾಸನೆ ಇದೆ. ಕಾರೂ ಸರಿಯಿದೆ. ಎರಡೂ ನಿಜ!"

"ಅದು ಹೇಗ್ರೀ ಸಾಧ್ಯ?" ಎಂದಳು ಹೆಂಡತಿ.

"ಹೇಗೆ ಅಂತ ನನಗೆ ಗೊತ್ತಿಲ್ಲ. ಆದ್ರೆ ನನ್ನ ಮೂಗೂ ನಂದೇ, ನನ್ನ ಕಾರೂ ನಂದೇ. ಒಂದರ ಮೇಲೆ ಇನ್ನೊಂದರ ಕೈಲಿ ಸುಳ್ಳು ಸಾಕ್ಷಿ ಹೇಳಿಸಲ್ಲ. ಗುರುವಾರ ಎಲ್ಲರೂ ಬನ್ನಿ. ಮೆಕ್ಯಾನಿಕ್ಕೂ ಬರಲಿ, ಅನುಭವಿಗಳೂ ಬರಲಿ. ನಿಮ್ಮ ನಿಮ್ಮ ಮೂಗು ತಗೊಂಡು ಬಂದು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ!"

ಮೂಲೆಯ ಕುರ್ಚಿಯಲ್ಲಿ ಅತ್ತೆಯವರು ಶಾಲನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. "ಅಷ್ಟೊಂದು ಜನವಾ?" ಎಂದು ಮಾತ್ರ ಕೇಳಿದರು. "ತೂಕ ಜಾಸ್ತಿಯಾಗುತ್ತೆ."

ಗುರುವಾರ ಕಾರು ತುಂಬಿತು. ಹಿಂದೆ ಬಾಮೈದ ಕಿಟಕಿಯ ಬಳಿ, ಅನುಭವಿಗಳು ಇನ್ನೊಂದು ಕಿಟಕಿಯ ಬಳಿ, ನಡುವೆ ಸ್ಕ್ರೂಡ್ರೈವರ್ ಹಿಡಿದ ಮೆಕ್ಯಾನಿಕ್. ಮುಂದೆ ಶಾಲು ಹೊದ್ದ ಅತ್ತೆಯವರು. ಸಾಹೇಬರು ಇಟ್ಟಿಗೆಯನ್ನು ತೆಗೆದು ಡಿಕ್ಕಿಗೆ ಹಾಕಿ, ಗದ್ದ ಎತ್ತಿ, ಕಾರು ಹೊರಡಿಸಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಮತ್ತೆ ಒಳಗೆ ಹೋಗಿ ಯಂತ್ರ ತುಳಿದಳು.

ಮೊದಲ ತಿರುವು ದಾಟಿತು, ವಾಸನೆಯಿಲ್ಲ. ಎರಡನೆಯದು, ಇಲ್ಲ. "ನನ್ನ ಅನುಭವದಲ್ಲಿ..." ಎಂದು ಹಿಂದಿನಿಂದ ಶುರುವಾದದ್ದನ್ನು ಸಾಹೇಬರು "ಬಾಯಿ ಮುಚ್ಚಿ, ಮೂಗು ತೆಗೀರಿ" ಎಂದು ತಡೆದರು. ಮೇಲ್ಸೇತುವೆಯ ಏರು ಬಂತು. ಕಾರು ಏದುಸಿರು ಬಿಡುತ್ತ ಹತ್ತಿತು. ನೆತ್ತಿ ತಲುಪಿದ ಮೇಲೆ ಮುಂದೆ ಉದ್ದನೆಯ ಇಳಿಜಾರು. ಐದು ಜನರ ತೂಕ ಹೊತ್ತ ಕಾರು ಇಳಿಜಾರಿನಲ್ಲಿ ಹಗುರಾಗಿ ಜಾರಬೇಕು. ಜಾರಲಿಲ್ಲ. ಯಾರೋ ಬಾಲ ಹಿಡಿದು ಎಳೆದಂತಾಯಿತು. ಗುರುವಾರಗಳಂದು ಕಾರಿಗೆ ಹೀಗೇ ಸೋಮಾರಿತನ ಬರುವುದನ್ನು ಸಾಹೇಬರು ಗಮನಿಸಿದ್ದರು. ಹಿರಿಯರು ಕೂತಿದ್ದಾರೆಂಬ ಮರ್ಯಾದೆ ಎಂದು ಅಂದುಕೊಂಡಿದ್ದರು. ಇಂದು ಮಾನದ ಪ್ರಶ್ನೆ. ಅವರು ಆಕ್ಸಲರೇಟರ್ ಒತ್ತಿದರು. ಕಾರು ಇನ್ನಷ್ಟು ಬಿಗಿಯಿತು. ಮತ್ತೂ ಒತ್ತಿದರು, ಅದು ಮತ್ತೂ ಬಿಗಿಯಿತು. ಕಾರಿನೊಳಗೆ ಇಬ್ಬರು ಜಗಳವಾಡುತ್ತಿದ್ದರು, ಆದರೆ ಒಬ್ಬರಿಗೆ ಮಾತ್ರ ಅದು ಗೊತ್ತಿತ್ತು.

ಆಗ ಬಂತು ವಾಸನೆ. ಒಂದು ಚಪ್ಪಲಿಯದಲ್ಲ, ಇಡೀ ಚಪ್ಪಲಿ ಅಂಗಡಿಗೆ ಬೆಂಕಿ ಬಿದ್ದಂಥ ವಾಸನೆ.

"ಬಂತಾ?" ಎಂದು ಸಾಹೇಬರು ಕೂಗಿದರು.

"ಬಂತು, ಬಂತು! ನಿಲ್ಸಿ ಭಾವ!"

"ಅನುಭವಿಗಳೇ, ಬಂತಾ?"

ಅನುಭವಿಗಳು ಕರವಸ್ತ್ರದೊಳಗಿಂದ ತಲೆಯಾಡಿಸಿದರು.

"ತಲೆ ಆಡಿಸಿದ್ರೆ ಆಗಲ್ಲ, ಬಾಯಿಬಿಟ್ಟು ಹೇಳಿ! ಇಡೀ ಬೀದಿಗೆ ಹೇಳಿದ್ರಲ್ಲ, ಹಾಗೆ ಹೇಳಿ!"

"ಬಂತು ಸ್ವಾಮೀ, ಬಂತು!"

ಸೇತುವೆಯ ಬುಡದಲ್ಲಿ ಟ್ರಾಫಿಕ್ ಪೊಲೀಸ್ ಎರಡೂ ಕೈ ಬೀಸಿ ಕಾರನ್ನು ಪಕ್ಕಕ್ಕೆ ಹಾಕಿಸಿದ. ಹಿಂದಿನ ಚಕ್ರಗಳೆರಡೂ ಬೆಳ್ಳಗೆ ಹೊಗೆ ಬಿಡುತ್ತಿದ್ದವು. ಸಾಹೇಬರು ಬಾಗಿಲು ತೆಗೆದು ಹೊರಗೆ ಜಿಗಿದು ಪೊಲೀಸನ ಕೈ ಹಿಡಿದು ಕುಲುಕಿದರು.

"ನಿಮಗೂ ವಾಸನೆ ಬರ್ತಿದೆ ತಾನೇ?"

"ಸಾರ್, ನಿಮ್ಮ ಕಾರು ಹೊಗೆಯಾಡ್ತಿದೆ!"

"ಹೌದು! ಸರಿಯಾಗಿ ನೋಡ್ಕೊಳ್ಳಿ. ನಾಳೆ ಯಾರಾದ್ರೂ ಕೇಳಿದ್ರೆ ಹೇಳ್ಬೇಕು!"

ಇಷ್ಟು ಸಂತೋಷದಿಂದ ಕಾರು ಸುಟ್ಟುಕೊಂಡವರನ್ನು ಆ ಪೊಲೀಸ್ ತನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಬಾಮೈದ ಇಳಿದು ಅಂಗಿಯನ್ನು ಕೊಡವಿಕೊಂಡ. "ಒಪ್ಪಿದೆ ಭಾವ. ನಿಮ್ಮ ಮೂಗಿಗೆ ಏನೂ ಆಗಿಲ್ಲ. ಆದ್ರೆ ಹೊಗೆ ಬಂತಲ್ಲ. ನೀವು ಆಡಿದ ಮಾತು ನೆನಪಿದೆಯಾ?"

ಸಾಹೇಬರ ಮುಖದ ನಗು ಇದ್ದಲ್ಲೇ ನಿಂತಿತು. ಗೆಲ್ಲುವ ಭರದಲ್ಲಿ ಅವರಿಗೆ ಶಪಥ ಮರೆತೇಹೋಗಿತ್ತು. ರಸ್ತೆಯ ಆಚೆ ಬದಿ ನೋಡಿದರು. ಸೇತುವೆಯ ಕೆಳಗೆ ಸಾಲಾಗಿ ಗುಜರಿ ಅಂಗಡಿಗಳು. ಹರಿದ ಸೀಟು, ಒಡೆದ ಕನ್ನಡಿ, ಬಾಗಿಲುಗಳ ರಾಶಿ. ಒಬ್ಬ ಗುಜರಿಯವನು ಆಗಲೇ ಟೀ ಲೋಟ ಕೆಳಗಿಟ್ಟು, ಸಾಹೇಬರ ಕಾರನ್ನು ಮಗುವನ್ನು ನೋಡಿದಷ್ಟು ಪ್ರೀತಿಯಿಂದ ನೋಡುತ್ತಿದ್ದ. ಸಾಹೇಬರು ಕಾರಿನ ತಲೆಯನ್ನು ಒಮ್ಮೆ ಸವರಿದರು. ಆದರೂ ಅವರು ಅಂಗಿಯ ತೋಳು ಮಡಿಸಿದರು.

"ಆಡಿದ ಮಾತು ಆಡಿದ್ದೇ. ತಳ್ತೀನಿ. ಯಾರೂ ಕೈ ಹಾಕ್ಬೇಡಿ. ಅತ್ತೆ, ಇಳೀರಿ."

"ಇಳಿಯಲ್ಲ," ಎಂದರು ಅತ್ತೆಯವರು ಒಳಗಿನಿಂದ.

"ಅಮ್ಮಾ, ಈ ಕಾರು ಗುಜರಿಗೆ ಹೋಗ್ತಿದೆ," ಎಂದ ಮಗ.

"ನಾನು ಆಸ್ಪತ್ರೆಗೆ ಅಂತ ಹತ್ತಿದ್ದು. ಹೇಳಿದ ಮಹಡಿ ಬರೋ ಮುಂಚೆ ನಡುವಲ್ಲಿ ಇಳಿಯೋ ಅಭ್ಯಾಸ ನನಗಿಲ್ಲ."

ಸಾಹೇಬರು ಅತ್ತೆಯವರ ಸಮೇತ ಕಾರನ್ನು ತಳ್ಳತೊಡಗಿದರು. ಕಾರು ಅಲುಗಲಿಲ್ಲ. ಭುಜ ಕೊಟ್ಟರು, ಬೆನ್ನು ಕೊಟ್ಟರು. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಕಾರು ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ಬಾಮೈದ ತಾಳಲಾರದೆ ತಾನೂ ಕೈಹಾಕಿದ. ಮೆಕ್ಯಾನಿಕ್ ಬಂದ. ಗುಜರಿಯವನು ರಸ್ತೆ ದಾಟಿ ಬಂದು ಉತ್ಸಾಹದಿಂದ ಹೆಗಲು ಕೊಟ್ಟ. ನಾಲ್ಕು ಗಂಡಸರು "ಹೂಂ" ಎಂದು ಕೆಂಪಾಗಿ ತಳ್ಳಿದರು, ಕಾರು ಒಂದು ಕೂದಲಿನಷ್ಟೂ ಮುಂದೆ ಹೋಗಲಿಲ್ಲ.

"ಚಕ್ರ ಜಾಮ್," ಎಂದ ಮೆಕ್ಯಾನಿಕ್, ಸ್ಕ್ರೂಡ್ರೈವರನ್ನು ಚಕ್ರಕ್ಕೂ ಕಿವಿಗೂ ಇಟ್ಟು.

"ನನ್ನ ಅನುಭವದಲ್ಲಿ," ಎಂದರು ಕೈಹಾಕದೆ ದೂರ ನಿಂತಿದ್ದ ಅನುಭವಿಗಳು, "ಗುಜರಿ ಹತ್ತಿರ ಬಂದಾಗ ಕಾರಿಗೆ ಗೊತ್ತಾಗುತ್ತೆ."

ಪೊಲೀಸನಿಗೆ ರಸ್ತೆ ತೆರವಾದರೆ ಸಾಕಾಗಿತ್ತು. ಅವನು ಮುಂದಿನ ಕಿಟಕಿಗೆ ಬಗ್ಗಿ ನೋಡಿದ. ಶಾಲಿನ ಒಂದು ತುದಿ ಎರಡು ಸೀಟುಗಳ ನಡುವೆ ಡೇರೆಯ ಹಾಗೆ ಎದ್ದು ನಿಂತಿತ್ತು.

"ಅಮ್ಮಾ, ಶಾಲಿನ ಕೆಳಗೆ ಏನಿದೆ?"

"ಕೈ."

"ಕೈಯಲ್ಲಿ?"

ಪೊಲೀಸ್ ಶಾಲಿನ ಅಂಚು ಎತ್ತಿದ. ಹ್ಯಾಂಡ್‌ಬ್ರೇಕು ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಅದರ ಸುತ್ತ ಅತ್ತೆಯವರ ಐದೂ ಬೆರಳು.

"ಕೈ ಬಿಡಿ ಅಮ್ಮಾ."

"ಬಿಡಲ್ಲ."

ಎಲ್ಲರೂ ಕಿಟಕಿಗೆ ಮುತ್ತಿದರು. ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿದ. ಬಾಮೈದನ ಬಾಯಿ ತೆರೆದೇ ಇತ್ತು. "ಅಮ್ಮಾ, ಇದನ್ನ ನೀನು ಎಳೀತಿದ್ಯಾ? ಎಷ್ಟು ದಿನದಿಂದ?"

"ಅಳಿಯಂದಿರು ನನ್ನ ಕರ್ಕೊಂಡು ಹೋಗೋಕೆ ಶುರು ಮಾಡಿದಾಗಿಂದ."

"ಕಾರು ಹೋಗ್ತಿರುವಾಗಲೇ? ಏನು ಮಾಡ್ತಿದ್ದೆ ನೀನು?"

"ಓಡಿಸ್ತಿದ್ದೆ," ಎಂದರು ಅತ್ತೆಯವರು.

ಅತ್ತೆಯವರು ಶಾಲನ್ನು ಸರಿಪಡಿಸಿಕೊಂಡು, ಕೈಯನ್ನು ಮಾತ್ರ ಸಡಿಲಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಆಯಸ್ಸಿನ ಅರ್ಧ ಜನರನ್ನ ಮೇಲೆ ಕೆಳಗೆ ಒಯ್ದಿದೀನಿ. ಒಬ್ಬರಿಗೂ ಒಂದು ಜರ್ಕ್ ಹೊಡೆದಿಲ್ಲ. ಇಳಿಯುವಾಗ ವೇಗ ಜಾಸ್ತಿಯಾದ್ರೆ ನನ್ನ ಹೊಟ್ಟೆಗೆ ಗೊತ್ತಾಗುತ್ತೆ, ಕೈ ತಾನಾಗಿ ಹೋಗುತ್ತೆ. ಇವರು ಇಳಿಜಾರಲ್ಲಿ ಐವತ್ತಕ್ಕೆ ಬಿಡ್ತಾರೆ. ಯಾರಾದ್ರೂ ಹಿಡಿಬೇಕಲ್ಲ? ಮೆತ್ತಗೆ, ಗುಂಡಿ ಒತ್ತಿ, ಟಿಕ್ ಅಂತ ಕೂಡ ಅನ್ನಿಸದೆ ಹಿಡಿದಿದೀನಿ. ಇದುವರೆಗೂ ಯಾರಿಗಾದ್ರೂ ಗೊತ್ತಾಯ್ತಾ?"

ಸಾಹೇಬರು ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದರು. ಬೆಲ್ಟು, ಪೈಪು, ಡಾಕ್ಟರಮ್ಮನ ಸೀಸೆಗಳು, ಹಾಲಿನವನು, "ಪಾಪ" ಎಂದ ಇಡೀ ಬೀದಿ ಅವರ ಕಣ್ಣ ಮುಂದೆ ಸಾಗಿಹೋದವು. ಸಿಟ್ಟು ಕುದಿಯಿತು.

"ಅತ್ತೆ, ವಾಸನೆ ಬರ್ತಿದೆಯಾ, ಬರ್ತಿದೆಯಾ ಅಂತ ನಿಮ್ಮನ್ನ ಎಷ್ಟು ಸಲ ಕೇಳಿದೆ?"

"ಕೇಳಿದ್ರಿ," ಎಂದರು ಅತ್ತೆಯವರು ಕಣ್ಣು ಮಿಟುಕಿಸದೆ. "ಪರಿಶೀಲನೆ ಮಾಡಿದೆ. ಕಂಡುಬರ್ಲಿಲ್ಲ."

ಸಾಹೇಬರು ಬಾಯಿ ತೆರೆದರು. ಅದಕ್ಕೆ ಏನು ಉತ್ತರ ಕೊಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಅವರಿಗೆ ಯಾರೂ ಉತ್ತರ ಕೊಟ್ಟು ತೋರಿಸಿರಲಿಲ್ಲ.

ಬಾಮೈದ ಮಾತ್ರ ಪಟ್ಟು ಬಿಡಲಿಲ್ಲ. "ಅದೆಲ್ಲ ಇರಲಿ. ಹೊಗೆ ಬಂದದ್ದು ನಿಜ, ಮಾತು ಮಾತೇ. ಅಮ್ಮಾ, ಇಳಿ. ಇನ್ಮೇಲೆ ನನ್ನ ಕಾರಲ್ಲಿ ಬಾ."

"ನಿನ್ನ ಕಾರಲ್ಲಿ ಹಿಡ್ಕೊಳೋಕೆ ಏನಿದೆ?" ಅತ್ತೆಯವರು ತಿರುಗಿ ಮಗನ ಮುಖ ನೋಡಿದರು. "ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಒಂದು ಗುಂಡಿ. ಅದನ್ನೂ ಮುಟ್ಟಬೇಡ ಅಂತೀಯ. ನಿನ್ನ ಕಾರಲ್ಲಿ ನಾನು ಸಾಮಾನು. ಇಲ್ಲಿ ಹಾಗಲ್ಲ."

"ಆದ್ರೆ ಹೊಗೆ..."

"ಹೊಗೆ ಕಾರು ಬಿಟ್ಟಿದ್ದಲ್ಲ. ನಾನು ಬಿಟ್ಟಿದ್ದು. ನನ್ನನ್ನ ಗುಜರಿಗೆ ತಳ್ಳೋರು ಯಾರಿದ್ದೀರಿ? ಮುಂದೆ ಬನ್ನಿ!"

ಯಾರೂ ಬರಲಿಲ್ಲ. ಗುಜರಿಯವನು ಹಿಂದೆ ಹಿಂದೆಯೇ ನಡೆದು ರಸ್ತೆ ದಾಟಿ ತನ್ನ ಟೀ ಲೋಟದ ಹತ್ತಿರ ಹೋದ. ಪೊಲೀಸ್ ಬೇರೆ ಕಡೆ ತಿರುಗಿ, ಇಲ್ಲದ ವಾಹನವೊಂದಕ್ಕೆ ಸೀಟಿ ಊದಿದ.

ಸಾಹೇಬರು ಮಡಿಸಿದ ತೋಳನ್ನು ಬಿಡಿಸಿದರು. ಕನ್ನಡಕವನ್ನು ಮೇಲೇರಿಸಿದರು. ಅವರ ಎದೆ ಮತ್ತೆ ಅಂದಿನ ಎರಡು ಅಂಗುಲಕ್ಕೆ ಬಂತು. "ಕೇಳಿದ್ರಲ್ಲ? ವಾಸನೆ ಇತ್ತು. ಕಾರೂ ಸರಿಯಿದೆ. ಎರಡೂ ನಿಜ ಅಂದೆನಾ ಇಲ್ವಾ? ಈಗ ಎಲ್ಲರೂ ಅಂದದ್ದನ್ನ ವಾಪಸ್ ತಗೊಳ್ಳಿ. ತಗೊಂಡೋರು ಮಾತ್ರ ಹತ್ತಬಹುದು. ಉಳಿದೋರಿಗೆ ಬಸ್ ನಿಲ್ದಾಣ ಅಲ್ಲಿದೆ."

ಚಕ್ರ ತಣ್ಣಗಾಗುವುದರೊಳಗೆ ಅನುಭವಿಗಳು ತಮ್ಮ ಇಲಿಯನ್ನು ವಾಪಸ್ ತೆಗೆದುಕೊಂಡರು. ಮೆಕ್ಯಾನಿಕ್ ಬೆಲ್ಟನ್ನೂ ಪೈಪನ್ನೂ ಬಾಯಿಮಾತಿನಲ್ಲಿ ವಾಪಸ್ ತೆಗೆದುಕೊಂಡ. ಬಾಮೈದ ಬೀರು ಎಂದದ್ದನ್ನು ವಾಪಸ್ ತೆಗೆದುಕೊಳ್ಳದೆ ಬಸ್ಸಿನಲ್ಲಿ ಹೋದ.

ಮುಂದಿನ ವಾರ ಮೆಕ್ಯಾನಿಕ್ ಹಿಂದಿನ ಬ್ರೇಕುಗಳನ್ನು ಬದಲಾಯಿಸಿ, ಹೊಸ ತಂತಿ ಹಾಕಿ, ಒಂದು ಉಪಾಯ ಸೂಚಿಸಿದ. "ಅಮ್ಮನಿಗೆ ಅಂತ ಒಂದು ಸುಳ್ಳು ಹಿಡಿಕೆ ಹಾಕಿಬಿಡ್ತೀನಿ ಸಾರ್. ಏನಕ್ಕೂ ಕಟ್ಟಿರಲ್ಲ. ಅವರ ಪಾಡಿಗೆ ಎಳ್ಕೊಂಡಿರಲಿ."

"ನಮ್ಮ ಅತ್ತೆಗೆ ಸುಳ್ಳು ಹಿಡಿಕೆನಾ?" ಸಾಹೇಬರು ಸ್ಕ್ರೂಡ್ರೈವರನ್ನು ಅವನ ಕೈಯಿಂದ ಕಿತ್ತು ಬೆಂಚಿನ ಮೇಲಿಟ್ಟರು. "ಕೆಲಸ ನೋಡು!" ಆಮೇಲೆ ಕಾರೊಳಗೆ ಕೂತು, ಹ್ಯಾಂಡ್‌ಬ್ರೇಕು ಎಳೆದಾಗ ಹೊತ್ತುವ ಆ ಕೆಂಪು ದೀಪದ ಮೇಲಿನ ಟೇಪನ್ನು ಉಗುರಿನಿಂದ ಕೆರೆದು ಕಿತ್ತರು.

ಈಗ ಗುರುವಾರಗಳಂದು ಮೇಲ್ಸೇತುವೆ ಇಳಿಯುವಾಗ ಆ ದೀಪ ಹೊತ್ತುತ್ತದೆ. ಹೊತ್ತಿತೆಂದರೆ ಸಾಹೇಬರು ಮೊದಲು, "ಇಲ್ಲಿ ಐವತ್ತು ಹೋಗ್ಬಹುದು," ಎನ್ನುತ್ತಾರೆ. "ನಲವತ್ತು," ಎಂದು ಶಾಲಿನೊಳಗಿಂದ ಉತ್ತರ ಬರುತ್ತದೆ. ನಲವತ್ತೈದಕ್ಕೆ ದೀಪ ಆರುತ್ತದೆ. ಕೆಲವು ವಾರ ಇಬ್ಬರೂ ಹಟಕ್ಕೆ ಬಿದ್ದು ನಲವತ್ತೈದು ಬರುವುದು ತಡವಾಗುತ್ತದೆ.

ಅಂಥದೊಂದು ವಾರ ಬಾಮೈದನ ಹೊಸ ಕಾರು, ಅದರ ಬ್ರೇಕಿನ ಗುಂಡಿಯೇ ಕೆಲಸ ಮಾಡದೆ, ಶೋರೂಮಿನವರ ಹತ್ತಿರ ಸೇರಿತ್ತು. ಆಸ್ಪತ್ರೆಯ ಪಕ್ಕದಲ್ಲೇ ಅವನಿಗೂ ಕೆಲಸವಿತ್ತು. ಬೀರು ಎಂದದ್ದನ್ನು ಬೀದಿಯ ನಡುವೆ ನಿಂತು ವಾಪಸ್ ತೆಗೆದುಕೊಂಡು, ಹಿಂದಿನ ಸೀಟಿನಲ್ಲಿ ಮುದುಡಿ ಕೂತ. ಸೇತುವೆಯ ಇಳಿಜಾರು ಅರ್ಧ ದಾಟಿತ್ತು. ಅವನು ಮೂಗು ಅರಳಿಸಿದ, ಕಿಟಕಿ ಇಳಿಸಿದ, ಮತ್ತೆ ಮೂಗು ಅರಳಿಸಿದ.

"ಭಾವ, ಅಮ್ಮಾ, ಏನೋ ರಬ್ಬರ್ ಸುಟ್ಟ ವಾಸನೆ ಬರ್ತಿದೆ."

ಮುಂದಿನ ಸೀಟುಗಳಲ್ಲಿ ಕೂತಿದ್ದ ಇಬ್ಬರೂ ರಸ್ತೆಯಿಂದ ಕಣ್ಣು ತೆಗೆಯದೆ, ಒಟ್ಟಿಗೇ ಹೇಳಿದರು:

"ಕಂಡುಬಂದಿಲ್ಲ."